ತಂಬುಳಿಯಲ್ಲಿ ಎಂತ ಇದ್ದು?

ಆಯೀ,

ಅಂತೂ ನಿನ್ನ ಏಕನಾಯಕದ ಬೇರು ನಮ್ಮ ಕಾಲೇಜಿನ ಪ್ರಯೋಗಾಲಯದ ಮೆಟ್ಟಿಲು ಹತ್ತಿತು. ಎಷ್ಟು ಸಲ ಕೇಳಿದ್ದೆ ನೀನು! "ಕೂಸೇ, ಇದ್ನ ಒಂದ್ಸಲ ನೋಡ್ಸೆ. ಇದ್ರಲ್ಲಿ ಎಂತಾರೂ ಇದ್ದೋ, ಇಲ್ಯೋ ಹೇಳಿ ಗೊತ್ತಾಗ್ಲಿ." ಪ್ರಯೋಗಾಲಯ ನೋಡಿಕೊಳ್ಳುವ ಮೇಡಂ ಒಪ್ಪಿ, ಬೇಕಾದ ಸಾಮಾನು ಶಿರಸಿಗೆ ಬಂದು ಮುಟ್ಟುವಷ್ಟರಲ್ಲಿ ನೀನೇ...

ಹೆಗ್ಗರಣೆಯ ನಿನ್ನ ತವರಿಗೆ ಹೋದಾಗಲೆಲ್ಲ ನನ್ನನ್ನು ಮನೆ ಹಿಂದಿನ ಬೆಟ್ಟ ಹತ್ತಿಸುತ್ತಿದ್ದೆ ನೆನಪಿದೆಯಾ? ಏಕನಾಯಕದ ಬಳ್ಳಿಯ ಬುಡ ಕೆದಕಿ, ಬೇರಿನ ಒಂದು ಕವಲು ಮಾತ್ರ ಕತ್ತರಿಸಿ, ಮತ್ತೆ ಮಣ್ಣು ಮುಚ್ಚಿ ಬರುತ್ತಿದ್ದೆ. ಈ ಸಲ ನಾನೊಬ್ಬಳೇ ಹೋದೆ. ಮಾವ ಕತ್ತಿ ಕೊಟ್ಟ. ಬಳ್ಳಿ ಹುಡುಕುವುದರಲ್ಲೇ ಬೆವರಿಳಿಯಿತು, ಮಗಳನ್ನು ಬೈಯಲಿಕ್ಕೂ ನೀನಿರಲಿಲ್ಲ.

ಸಕ್ಕರೆ ಕಾಯಿಲೆ ಬಂದ ಮೇಲೆ ನೀನು ಡಾಕ್ಟರ್ ಕೊಟ್ಟ ಗುಳಿಗೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಆದರೆ ನಂಬಿದ್ದು ತಂಬುಳಿಯನ್ನು. ಬೇರು ಅರೆದು, ಕುದಿಸಿ, ಮಜ್ಜಿಗೆಗೆ ಬೆರೆಸಿ, ಜೀರಿಗೆ ಒಗ್ಗರಣೆ ಕೊಟ್ಟು ನನ್ನ ಮುಂದೂ ಒಂದು ಲೋಟ ಇಡುತ್ತಿದ್ದೆ. ನನಗೆಲ್ಲಿದೆ ಸಕ್ಕರೆ ಕಾಯಿಲೆ ಎಂದು ಮುಖ ಸಿಂಡರಿಸಿದರೆ ನಿನ್ನದು ಒಂದೇ ಉತ್ತರ: "ಒಬ್ಳೇ ನುಂಗಲೆ ಅದೆಂತ ಗುಳಿಗೆಯನೇ?"

ಪರೀಕ್ಷೆ ಹೇಗೆ ಅಂತ ಹೇಳುತ್ತೇನೆ, ಕೇಳು. ಗಂಜಿಗೆ ಅಯೋಡಿನ್ ಹಾಕಿದರೆ ನೀಲಿಯಾಗುತ್ತದೆ. ಗಂಜಿಯನ್ನು ಸಕ್ಕರೆಯಾಗಿ ಒಡೆಯುವ ಜೀರ್ಣರಸ ಬೆರೆಸಿಟ್ಟರೆ ಆ ನೀಲಿ ಹೋಗುತ್ತದೆ. ಮದ್ದು ಆ ರಸವನ್ನು ತಡೆದರೆ ನೀಲಿ ಉಳಿಯುತ್ತದೆ. ಮೊದಲ ದಿನ ನಾನು ಏನು ಮಾಡಿದೆ ಗೊತ್ತಾ? ಬೇರಿನ ಕಷಾಯವನ್ನು ತಿಳಿ ಮಜ್ಜಿಗೆ ನೀರಿಗೇ ಬೆರೆಸಿದೆ! ಮಜ್ಜಿಗೆಯಿಲ್ಲದ ಏಕನಾಯಕವನ್ನು ನಾನೆಲ್ಲಿ ಕಂಡಿದ್ದೆ, ಹೇಳು? ನೀಲಿ ಉಳಿಯಿತು, ಆಯಿ. ಕಡುನೀಲಿ. ಕುಣಿಯುವುದೊಂದು ಬಾಕಿ. ಮೊದಲು ನಿನಗೇ ಹೇಳಬೇಕೆಂದು ಫೋನ್ ಕೈಗೆತ್ತಿಕೊಂಡೆ, ಆಮೇಲೆ...

ಮೇಡಂ ಬಂದರು, ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಬರೀ ಮಜ್ಜಿಗೆ ಇಟ್ಟು ನೋಡಿದೀಯಾ?" ಎಂದರು.

ಇಟ್ಟಿರಲಿಲ್ಲ. ಇಟ್ಟು ನೋಡಿದರೆ ಅಲ್ಲೂ ಅದೇ ನೀಲಿ. ಜೀರ್ಣರಸವನ್ನು ತಡೆದದ್ದು ಮಜ್ಜಿಗೆಯ ಹುಳಿ, ನಿನ್ನ ಬೇರಲ್ಲ. ನನಗೆ ಎಂಥಾ ಸಂಕಟವಾಯಿತು ಅಂದರೆ, ಎಲ್ಲರೆದುರು ನಿನ್ನನ್ನೇ ಯಾರೋ ಸುಳ್ಳಿ ಅಂದಂತಾಯಿತು. ಮಜ್ಜಿಗೆ ಬಿಟ್ಟು ಬರೀ ನೀರಿನ ಕಷಾಯದಲ್ಲಿ ಮತ್ತೆ ಮತ್ತೆ ಮಾಡಿದೆ. ಪ್ರತಿಸಲವೂ ನೀಲಿ ಹೋಯಿತು. ಆದರೆ ಬೇರು ಇಲ್ಲದ್ದಕ್ಕಿಂತ ತುಸು ತಡವಾಗಿ ಹೋಯಿತು.

ಹಾಗಾಗಿ ನೀನು ಕೇಳಿದ ಪ್ರಶ್ನೆಗೆ ಉತ್ತರ: ಸ್ವಲ್ಪ ಇದ್ದು, ಆಯಿ. ಅದೂ ಗಾಜಿನ ಕೊಳವೆಯಲ್ಲಿ. ಹೊಟ್ಟೆಗೆ ಹೋದಮೇಲೆ ಏನಾಗುತ್ತದೋ ನಮಗಿನ್ನೂ ಗೊತ್ತಿಲ್ಲ. ನಿನ್ನನ್ನು ಅಷ್ಟು ವರ್ಷ ಕಾಪಾಡಿದ್ದು ಬಹುಶಃ ಗುಳಿಗೆಯೇ. ಕೇಳಿದ್ದರೆ ನೀನು "ಅಡ್ಡಿಲ್ಲೆ ಬಿಡು" ಎಂದು ಒಗ್ಗರಣೆಗೆ ಎದ್ದು ಹೋಗುತ್ತಿದ್ದೆಯೇನೋ. ಆ ಒಂದು ಮಾತು ಕೇಳಲಿಕ್ಕೆ ನಾನು ಏನು ಬೇಕಾದರೂ ಕೊಟ್ಟೇನು.

ಇನ್ನೊಂದು ಸುದ್ದಿ. ನನಗೂ ಬಂದಿದೆ, ನಿನ್ನದೇ ಕಾಯಿಲೆ. ಹೆದರಬೇಡ, ಈಗಷ್ಟೇ ಶುರು. ಗುಳಿಗೆ ತಪ್ಪಿಸುತ್ತಿಲ್ಲ. ಇವತ್ತು ಉಳಿದ ಬೇರಿನಿಂದ ತಂಬುಳಿ ಮಾಡಿದೆ. ಕುಡಿಯಲು ಬಗ್ಗಿಸಿಟ್ಟು ನೋಡಿದರೆ ಎದುರಿಗೆ ಎರಡು ಲೋಟ.

ನಾಳೆ ಬಾಟಲಿಗೆ ತುಂಬಿ ಕಾಲೇಜಿಗೆ ಒಯ್ಯುತ್ತೇನೆ. ಪರೀಕ್ಷೆಗಲ್ಲ, ಊಟಕ್ಕೆ. ಮೇಡಂ ಮುಖ ಸಿಂಡರಿಸಿದರೂ ಸರಿ, ಅವರಿಗೂ ಒಂದು ಲೋಟ ಕೊಡುತ್ತೇನೆ. ಗುಳಿಗೆಯನ್ನು ಒಬ್ಬಳೇ ನುಂಗುತ್ತೇನೆ, ಆಯಿ. ತಂಬುಳಿ ಮಾತ್ರ ಒಬ್ಬಳೇ ಕುಡಿಯಲಿಕ್ಕೆ ಆಗುತ್ತಿಲ್ಲ.

ನಿನ್ನ ಕೂಸು