ರಸ್ತೆ ಕಾಣದ ಕಿಟಕಿ

ಭಾನುವಾರ, ಬೆಳಿಗ್ಗೆ

ಅಪ್ಪನಿಗೆ,

ನಿಮ್ಮ ಗುಬ್ಬಿಯ ನಮಸ್ಕಾರ. ಮಂಡಿ ನೋವು ಹೇಗಿದೆ? ಈ ವಯಸ್ಸಿನಲ್ಲೂ ನಿಂತೇ ಚಿತ್ರ ಬರೆಯುವ ಹಟ ಬಿಟ್ಟಿಲ್ಲವೆಂದು ಚಿಕ್ಕಪ್ಪ ಫೋನಿನಲ್ಲಿ ದೂರು ಹೇಳಿದರು. “ಕೂತು ಬರೆಯೋರು ಗುಮಾಸ್ತರು” ಎಂದು ಅವರಿಗೂ ಬೈದಿರಂತೆ. ಬಿಡಬೇಡಿ. ಹಟದ ವಿಷಯದಲ್ಲಿ ನಾನೂ ನಿಮ್ಮ ಮಗಳೇ. ಈ ಪತ್ರ ಓದಿ ಮುಗಿಸುವ ಹೊತ್ತಿಗೆ ಅದು ನಿಮಗೇ ತಿಳಿಯುತ್ತದೆ.

ನೀವು ಕಳಿಸಿದ ಹೇಳಿಕೆ ತಲುಪಿತು. ಮ್ಯೂಸಿಯಂನವರು ನಿಮ್ಮ ಜೀವಮಾನದ ಚಿತ್ರಗಳನ್ನೆಲ್ಲ ಒಟ್ಟಿಗೆ ಪ್ರದರ್ಶನಕ್ಕಿಡುತ್ತಿದ್ದಾರೆ. ‘ಕೆರೆಯಾಚೆಯ ಬೆಟ್ಟ’ವನ್ನು ಮೊದಲ ಕೋಣೆಯಲ್ಲಿ, ಬೇರೆ ಯಾವ ಚಿತ್ರವೂ ಇಲ್ಲದ ಗೋಡೆಯ ಮೇಲೆ ತೂಗುಹಾಕುತ್ತಾರೆ. ಆದರೆ ಈಗಿರುವ ಗ್ಯಾಲರಿಗೆ ಬರುವ ಮೊದಲು ಅದು ಎಲ್ಲಿತ್ತು, ಯಾವಾಗ ಬರೆದದ್ದು ಎನ್ನುವುದಕ್ಕೆ ದಾಖಲೆಯಿಲ್ಲ. ಅದು ನಮ್ಮ ಮನೆಯಲ್ಲಿತ್ತು, ನೀವು ಬರೆಯುವುದನ್ನು ಕಣ್ಣಾರೆ ಕಂಡೆ ಎಂದು ಮಗಳಾದ ನಾನು ಸಹಿ ಹಾಕಬೇಕು. “ಒಂದು ಸಹಿ ತಾನೆ, ಹಾಕಿ ಕಳಿಸಮ್ಮ” ಎಂದು ಬರೆದಿದ್ದೀರಿ.

ಹಾಕುವುದಿಲ್ಲ, ಅಪ್ಪ. ಚಿತ್ರ ನಮ್ಮ ಮನೆಯಲ್ಲಿದ್ದದ್ದು ನಿಜ. ಬರೆಯುವುದನ್ನು ನಾನು ಕಣ್ಣಾರೆ ಕಂಡದ್ದೂ ನಿಜ. ಬರೆದವಳು ಅಮ್ಮ.

ಆಗ ನಾನಿನ್ನೂ ಶಾಲೆಗೆ ಹೊಸಬಳು. ನೀವು ಯಾವುದೋ ಹೋಟೆಲಿನ ಗೋಡೆಗೆ ಚಿತ್ರ ಬರೆಯಲು ದೂರದ ಊರಿಗೆ ಹೋಗಿದ್ದಿರಿ. ನೀವು ಖಾಲಿಯಾಯಿತೆಂದು ಬಿಸಾಡಿದ್ದ ಬಣ್ಣದ ಟ್ಯೂಬುಗಳನ್ನು ಅಮ್ಮ ಲಟ್ಟಣಿಗೆಯಲ್ಲಿ ಒತ್ತಿ ಒತ್ತಿ ಬಣ್ಣ ತೆಗೆದಳು. ಪಾತ್ರೆ ತೊಳೆದಾದ ಮೇಲೆ ತೊಟ್ಟಿಯ ಮೇಲೆ ಅಡ್ಡಹಲಗೆ ಇಟ್ಟು, ಕ್ಯಾನ್ವಾಸನ್ನು ಪಕ್ಕದ ಗೋಡೆಗೆ ಒರಗಿಸಿ, ಕಿಟಕಿಯಾಚೆ ನೋಡಿಕೊಂಡು ಬರೆಯುತ್ತಿದ್ದಳು. ನಾನು ಇಣುಕಿದರೆ, “ಬೆಳಕಿಗೆ ಅಡ್ಡ ಬರಬೇಡ್ವೆ, ಆ ಕಡೆ ಹೋಗು” ಎಂದು ಮೊಣಕೈಯಲ್ಲಿ ತಳ್ಳುತ್ತಿದ್ದಳು.

ನೀವು ವಾಪಸು ಬಂದವರೇ “ನನ್ನ ನೀಲಿ ಯಾರು ಮುಟ್ಟಿದ್ದು?” ಎಂದು ಕೂಗಿದಿರಿ. ಆಮೇಲೆ ಆ ಚಿತ್ರದ ಮುಂದೆ ಹೋಗಿ ನಿಂತಿರಿ. ಕೆಲವು ದಿನಗಳಲ್ಲಿ ಅದು ಅಡುಗೆಮನೆಯಿಂದ ನಿಮ್ಮ ಕೋಣೆಗೆ ಹೋಯಿತು. ಎಲ್ಲಿ ಎಂದು ಕೇಳಿದರೆ ಅಮ್ಮ, “ಅದಕ್ಕೆ ಪ್ರಮೋಷನ್ ಆಯ್ತು” ಎಂದಳು. ನೀವಿಬ್ಬರೂ ಬೇರೆಯಾದಾಗ ನಿಮ್ಮ ಸಾಮಾನಿನ ಜೊತೆ ಅದೂ ಲಾರಿ ಹತ್ತಿತು.

ಮಗುವಿನ ನೆನಪನ್ನು ಯಾರು ನಂಬುತ್ತಾರೆ ಎನ್ನುತ್ತೀರಿ. ಸರಿ, ನನ್ನ ನೆನಪು ಬೇಡ. ಆ ಚಿತ್ರವನ್ನೇ ಕೇಳೋಣ.

ನಿಮ್ಮ ವಿಮರ್ಶಕ ಮಿತ್ರರು ಅದರ ಮೇಲೆ ಬರೆದ ಲೇಖನವನ್ನು ಮತ್ತೆ ಓದಿದೆ. ಕೆರೆಗೂ ನಮ್ಮ ಕಾಂಪೌಂಡಿಗೂ ನಡುವೆ ಅಗಲವಾದ ರಸ್ತೆಯಿತ್ತು, ಚಿತ್ರದಲ್ಲಿ ಅದಿಲ್ಲ. ರಸ್ತೆಯನ್ನು ಅಳಿಸಿದ್ದು ಕಲಾವಿದನ ವೈರಾಗ್ಯವಂತೆ, ಲೋಕದ ಓಡಾಟಕ್ಕೇ ಬೆನ್ನು ತಿರುಗಿಸಿದ ನೋಟವಂತೆ. ನಾನು ಕವಿತೆ ಓದಿಕೊಂಡು ಬೆಳೆದವಳು. ಕವಿತೆಯಲ್ಲಿ ಏನಾದರೂ ಇಲ್ಲವೆಂದರೆ, ಕವಿ ಅದನ್ನು ಬಿಟ್ಟದ್ದೋ ಅಥವಾ ಕವಿಗೆ ಅದು ಕಾಣಲೇ ಇಲ್ಲವೋ ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ನಿಮ್ಮ ಮಿತ್ರರು ಕೇಳಿಕೊಳ್ಳಲಿಲ್ಲ. ನಾನು ಕೇಳಿಕೊಂಡೆ, ಮ್ಯೂಸಿಯಂನ ಸಂಶೋಧಕಿಯನ್ನು ಕರೆದುಕೊಂಡು ನಮ್ಮ ಹಳೆಯ ಬಾಡಿಗೆ ಮನೆಗೆ ಹೋದೆ.

ಅಲ್ಲಿ ಈಗ ಹಲ್ಲಿನ ಕ್ಲಿನಿಕ್ ಇದೆ. ನಮ್ಮ ಅಡುಗೆಮನೆಯಲ್ಲಿ ಡಾಕ್ಟರಮ್ಮ ಉಪಕರಣ ತೊಳೆಯುತ್ತಾರೆ. ತೊಟ್ಟಿ ಇದ್ದ ಜಾಗದಲ್ಲೇ ಸಿಂಕು, ಅದೇ ಕಿಟಕಿ, ಅದರಾಚೆ ಅದೇ ಇಟ್ಟಿಗೆಯ ಕಾಂಪೌಂಡ್ ಗೋಡೆ. ಕೆರೆ ಸೊರಗಿದೆ, ಬೆಟ್ಟ ಹಾಗೇ ಇದೆ. ಸಂಶೋಧಕಿ ನಿಮ್ಮ ಹಾಗೆ ಗಳದಂತೆ ಎತ್ತರದ ಹೆಂಗಸು. ಕಿಟಕಿಯ ಮುಂದೆ ನಿಂತವಳೇ, “ರಸ್ತೆ ಚೆನ್ನಾಗೇ ಕಾಣ್ತಿದೆಯಲ್ಲ ಮೇಡಂ” ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ನನಗೆ ಗೋಡೆಯ ಅಂಚು, ಅದಕ್ಕೆ ಅಂಟಿಕೊಂಡಂತೆ ನೀರು, ನೀರಿನಾಚೆ ಬೆಟ್ಟ, ಅಷ್ಟೇ ಕಾಣುತ್ತಿತ್ತು. “ಸ್ವಲ್ಪ ಮಂಡಿ ಬಗ್ಗಿಸಮ್ಮ” ಎಂದೆ. ಬಗ್ಗಿಸಿದಳು. “ಇನ್ನೂ ಸ್ವಲ್ಪ.”

ಬಾಗಿಲಲ್ಲಿ ನಿಂತಿದ್ದ ಡಾಕ್ಟರಮ್ಮ, “ಏನ್ರೀ, ಹಲ್ಲು ನೋವಿಗೆ ಬಂದಿದ್ದೋ, ಮಂಡಿ ನೋವಿಗೋ?” ಎಂದರು. ಸಂಶೋಧಕಿ ನಗಲಿಲ್ಲ. ಚಿತ್ರದ ಫೋಟೋವನ್ನು ಕಿಟಕಿಯ ಪಕ್ಕ ಹಿಡಿದುಕೊಂಡು, “ಅಯ್ಯೋ, ರಸ್ತೆ ಹೋಯ್ತು” ಎಂದಳು. ಚಿತ್ರದ ತಳದಲ್ಲಿರುವ ಕೆಂಪು ಪಟ್ಟಿಯನ್ನು ನಿಮ್ಮ ಮಿತ್ರರು ‘ಬೆಂದ ನೆಲದ ಮೌನ’ ಎಂದಿದ್ದಾರೆ. ಅದು ಗೋಡೆಯ ತಲೆ, ಅಪ್ಪ.

ನೀವು ಅಲ್ಲಿ ನಿಂತರೆ ರಸ್ತೆ ಕಾಣುತ್ತದೆ. ಕುರ್ಚಿ ಹಾಕಿ ಕೂತರೆ ಬರೀ ಆಕಾಶ. ರಸ್ತೆ ಮರೆಯಾಗಿ ಕೆರೆ ಪೂರ್ತಿ ಕಾಣಬೇಕಾದರೆ ನನ್ನಷ್ಟೇ ಎತ್ತರವಿರಬೇಕು. “ಗುಬ್ಬಿ, ನಿಮ್ಮಮ್ಮನ ಅಳತೆಗೇ ನಿಂತುಬಿಟ್ಟೆಯಲ್ಲೇ” ಎಂದು ನೀವೇ ಎಷ್ಟು ಸಲ ನಕ್ಕಿಲ್ಲ! ಇದನ್ನೆಲ್ಲ ಅಮ್ಮನಿಗೆ ಹೇಳಿದಾಗ ಅವಳು ಮಾಡುತ್ತಿದ್ದ ಕೆಲಸದಿಂದ ತಲೆಯೆತ್ತದೆ, “ಇದಕ್ಕೆ ಅಷ್ಟು ದೂರ ಹೋಗಬೇಕಿತ್ತಾ? ಅವರು ಆ ಕಿಟಕಿ ಹತ್ರ ಯಾವತ್ತೂ ನಿಂತವರಲ್ಲ. ನಿಂತಿದ್ರೆ ಪಾತ್ರೆ ತೊಳೀಬೇಕಾಗ್ತಿತ್ತು” ಎಂದಳು.

ನೀವು ಸುಳ್ಳು ಹೇಳುತ್ತಿದ್ದೀರಿ ಎನ್ನಲಾರೆ. ಊರೆಲ್ಲ ಹೊಗಳುವುದನ್ನು ಕೇಳಿ ಕೇಳಿ, ನೀವೇ ಬರೆದಂತೆ ನಿಮಗೆ ನೆನಪಾಗುತ್ತಿರಬಹುದು. ಆದರೆ ನಿಮ್ಮ ಮರೆವಿಗೆ ನಾನು ಸಾಕ್ಷಿ ಹೇಳಲಾರೆ. ಮನೆತುಂಬ ಚಿತ್ರಗಳನ್ನು ಬರೆದವರು ನೀವು. ಒಂದು ಹೋದರೆ ಬಡವರಾಗುವುದಿಲ್ಲ. ಅವಳಿಗಿರುವುದು ಅದೊಂದೇ.

ಮ್ಯೂಸಿಯಂನವರು ಇನ್ನೂ ಪೂರ್ತಿ ಒಪ್ಪಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಚಿತ್ರದ ಮೇಲಿರುವ ಸಹಿ ನಿಮ್ಮದೇ ಎನ್ನುತ್ತಾರೆ. ನಿಮ್ಮದೇ, ಅದರಲ್ಲಿ ಅನುಮಾನವಿಲ್ಲ. ಸಹಿಯ ಮೇಲ್ಗಡೆಯೇ ಒಂದು ಪುಟ್ಟ ದೋಣಿಯಿದೆ. ನಿಮ್ಮ ಎಲ್ಲ ಕೆರೆಗಳಲ್ಲೂ ಇರುವ, ಒಂದೇ ಎಳೆತದಲ್ಲಿ ಬರೆದ ಅದೇ ದೋಣಿ. “ದೋಣಿ ನೋಡಿದ್ರೆ ಅವರದೇ ಕೈ, ಮೇಡಂ” ಎಂದಳು ಸಂಶೋಧಕಿ. ಆ ದೋಣಿ ಅಲ್ಲಿಗೆ ಹೇಗೆ ಬಂತೋ ನನಗೆ ತಿಳಿಯದು. ತಿಳಿಯದಿದ್ದರೂ ಹಿಂದೆ ಸರಿಯುವವಳಲ್ಲ. ನಿಮ್ಮ ಹೇಳಿಕೆಯನ್ನು ಸಹಿಯಿಲ್ಲದೆ ಇದರ ಜೊತೆ ವಾಪಸು ಕಳಿಸಿದ್ದೇನೆ. ನಾನು ಕಂಡದ್ದನ್ನು ನಾನೇ ಬರೆದು, ಸಹಿ ಹಾಕಿ ಮ್ಯೂಸಿಯಂಗೆ ಕೊಡಲಿದ್ದೇನೆ. ಚಿತ್ರದ ಕೆಳಗೆ ಅಮ್ಮನ ಹೆಸರು ಬರದಿದ್ದರೆ ಪ್ರದರ್ಶನ ಶುರುವಾಗುವ ದಿನ ಅವಳ ಕೈಹಿಡಿದು ಮೊದಲ ಕೋಣೆಯಲ್ಲಿ ನಿಲ್ಲುತ್ತೇನೆ. ಬಂದವರಿಗೆಲ್ಲ ಆ ಕಿಟಕಿಯ ಕಥೆ ಹೇಳುತ್ತೇನೆ. ಗಲಾಟೆ ಎನ್ನುತ್ತೀರಾ? ಎನ್ನಿ.

ಇಷ್ಟೆಲ್ಲ ಆಗುವ ಮೊದಲು ನೀವೇ ಫೋನೆತ್ತಿ ಮ್ಯೂಸಿಯಂನವರಿಗೆ ಒಂದು ಮಾತು ಹೇಳಬಹುದು. ನೀವು ಹೇಳುತ್ತೀರೆಂದು ನನ್ನೊಳಗಿನ ಹಳೆಯ ಗುಬ್ಬಿ ಇನ್ನೂ ನಂಬಿದ್ದಾಳೆ. ಮಂಡಿಗೆ ಬಿಸಿ ಶಾಖ ಕೊಡಿ.

ನಿಮ್ಮ ಮೇಲಿನ ಪ್ರೀತಿಯನ್ನೂ ಈ ಜಗಳವನ್ನೂ ಒಟ್ಟಿಗೇ ಹೊತ್ತುಕೊಂಡಿರುವ

ನಿಮ್ಮ ಗುಬ್ಬಿ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಇದನ್ನು ಅಮ್ಮನಿಗೆ ಓದಿ ಹೇಳಿದೆ. ದೋಣಿಯ ಮಾತು ಬಂದ ಕೂಡಲೇ ತಡೆದಳು. “ದೋಣಿ ಅವರದೇ ಕಣೆ. ಆ ಕೆರೇಲಿ ನಾಯಿ ಈಜೋಷ್ಟೂ ನೀರಿರ್ಲಿಲ್ಲ, ನಾನು ಯಾಕೆ ದೋಣಿ ಬರೀಲಿ? ಚಿತ್ರ ಅವರ ಕೋಣೆಗೆ ಹೋದ ಮೇಲೆ ಬಂದಿದ್ದು ಅದು. ಕೆಳಗೆ ಸಹಿ ನೋಡಿ, ಬರೀ ದೋಣಿಗೆ ಹಾಕ್ಕೊಂಡಿದ್ದಾರೆ ಅಂದ್ಕೊಂಡು ಇಷ್ಟು ವರ್ಷ ಸುಮ್ನಿದ್ದೆ” ಎಂದಳು. ಮ್ಯೂಸಿಯಂನವರಿಗೆ ಇದನ್ನೂ ತಪ್ಪದೆ ಬರೆಯಬೇಕಂತೆ: ಚಿತ್ರ ಅವಳದು, ದೋಣಿ ಮಾತ್ರ ನಿಮ್ಮದು. “ಇನ್ನೊಬ್ಬರು ಬರೆದಿದ್ದಕ್ಕೆ ನನ್ನ ಹೆಸರು ಹಾಕಿಸ್ಕೊಳ್ಳೋಳಲ್ಲ ನಾನು.”