ಬಿಗಿ ಮುಚ್ಚಳ

ಫೆಬ್ರವರಿ 2, ಭಾನುವಾರ. ಮಧ್ಯಾಹ್ನ

ಇವತ್ತು ಇವರ ವೀಕ್ಲಿ ಆಫ್. ಬಸ್ಸಿಗೆ ರಜೆ, ನನ್ನ ಅಡುಗೆಮನೆಗೆ ಗ್ರಹಚಾರ. ಗಜ್ಜರಿ, ಮೂಲಂಗಿ, ಎಳೆ ಸವತೆಕಾಯಿ — ಎಲ್ಲವೂ ಬೆರಳುದ್ದವೇ ಇರಬೇಕಂತೆ. ತಾಸುಗಟ್ಟಲೆ ಕೊಯ್ದರು. ಫೋನು ನೋಡಿ ಕಲಿತ ವಿದ್ಯೆ. ಉಪ್ಪು, ವಿನೆಗರ್, ನೀರು ಕುದಿಸಿ ಹೋಳುಗಳ ಮೇಲೆ ಸುರಿಯುವುದು, ಆರಿಸಿ ಫ್ರಿಜ್ಜಿಗೆ ಇಡುವುದು. ಅಷ್ಟೇ. ವಿನೆಗರ್ ಮಾತ್ರ ಸ್ವಲ್ಪವೇ. ಜಾಸ್ತಿಯಾದರೆ ಗಂಟಲು ಹಿಡಿಯುತ್ತದಂತೆ. ಅದಕ್ಕೇ ಹೊರಗಿಟ್ಟರೆ ಉಳಿಯುವುದಿಲ್ಲ.

ನೀರು ಕುದಿಯುವ ಹೊತ್ತಿಗೆ ನನ್ನನ್ನು ಹೊರಗೆ ಕಳಿಸಿದರು. ಯಾವಾಗಲೂ ಹೀಗೇ. ಕಂಪನಿ ಸೀಕ್ರೆಟ್ ಅಂತೆ!

ಅತ್ತೆ ಪಡಸಾಲೆಯಿಂದಲೇ ಮಗನ ಮೇಲೆ ಶುರು ಮಾಡಿದರು. "ಎಣ್ಣಿ ಇಲ್ಲ, ಖಾರ ಇಲ್ಲ. ಇದಕ್ಕ ಉಪ್ಪಿನಕಾಯಿ ಅಂತಾರೇನಲೇ ಮೌನ್ಯಾ? ದನಕ್ಕ ಕಲಗಚ್ಚು ಮಾಡಿದಂಗ ಐತಿ."

ಇವರು ನಕ್ಕರು. ಬಾಟಲಿಗೆ ಮುಚ್ಚಳ ಹಾಕಿದರು, ಬಸ್ಸಿನ ಗಾಲಿಗೆ ನಟ್ಟು ಬಿಗಿದ ಹಾಗೆ. ಪ್ರತಿ ಸಲ ನಾನು ತೆಗೆಯಲು ಹೋಗಿ ಕೈ ಕೆಂಪಗೆ ಮಾಡಿಕೊಳ್ಳುವುದು, ಇವರನ್ನು ಕರೆಯುವುದು.

"ಇಷ್ಟ ಬಿಗಿ ಹಾಕಿದ್ರ ತಗಿಯಾವ್ರು ಯಾರ್ರೀ?"

"ಯಾಕ, ನಾ ಇಲ್ಲೇನು?"

ಫೆಬ್ರವರಿ 3, ಸೋಮವಾರ. ರಾತ್ರಿ

ಹಿರೇವಡ್ಡಟ್ಟಿ ಟ್ರಿಪ್. ಅಲ್ಲೇ ನೈಟ್ ಹಾಲ್ಟ್. ಹೋಗುವಾಗ ಫ್ರಿಜ್ ತೆಗೆದು ಬಾಟಲಿ ನೋಡಿ ಹೋದರು, ತೊಟ್ಟಿಲು ಇಣುಕುವವರ ಹಾಗೆ. "ನಾಳಿ ಊಟಕ್ಕ ಬರ್ತೀನಿ. ರೊಟ್ಟಿ ಜೋಡಿ ತಗಿಯೂಣು. ಅಲ್ಲಿತನಕ ಅದರ ಜೋಡಿ ಗುದ್ದಾಡಬ್ಯಾಡ."

ಈಗ ಫೋನು ಬಂದಿತ್ತು. ಎದೆ ಉರಿ ಅಂದರು. ಸೋಡಾ ಕುಡಿದಿದ್ದಾರಂತೆ. ಮುಂಡರಗಿ ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದಿರುತ್ತಾರೆ, ಗೊತ್ತು ನನಗೆ. ಬರಲಿ ನಾಳೆ, ಇದೆ ಪೂಜೆ.

ಫೆಬ್ರವರಿ 20, ಗುರುವಾರ

ಮೇಲಿನ ಸಾಲು ಈಗ ಓದಿದೆ.

ಮರುದಿನ ನಸುಕಿನಲ್ಲಿ ಕಂಡಕ್ಟರ್ ಅಝೀಮಣ್ಣನ ಫೋನು ಬಂತು. ಇವರು ಎದೆ ಹಿಡಿದುಕೊಂಡು ಡ್ರೈವರ್ ಸೀಟಿನಲ್ಲೇ ಕೂತುಬಿಟ್ಟರಂತೆ. ಯಾರದೋ ಕಾರು ಎಬ್ಬಿಸಿ ಮುಂಡರಗಿಗೆ ಹೊರಟರಂತೆ. ದಾರಿಯಲ್ಲೇ… ಮುಂದೆ ಬರೆಯಲಾರೆ.

ದಿನಕರ್ಮ ಮುಗಿಯಿತು. ಬಂದವರೆಲ್ಲ ಹೋದರು. ಮನೆಯಲ್ಲಿ ಮೂವರಿದ್ದೆವು. ಈಗ ನಾನು, ಅತ್ತೆ. ಅತ್ತೆ ಇದುವರೆಗೂ ಅತ್ತಿಲ್ಲ. ಗೋಡೆ ನೋಡುತ್ತ ಕೂರುತ್ತಾರೆ.

ಬಾಟಲಿ ಇವತ್ತು ನೆನಪಾಯಿತು. ಓಡಿಹೋಗಿ ಫ್ರಿಜ್ ತೆಗೆದೆ. ಖಾಲಿ. ಒರೆಸಿ ಇಟ್ಟಿದ್ದಾರೆ. ಸಾವಿನ ಮನೆಯಲ್ಲಿ ಬೇಯಿಸಿದ್ದು, ತುಂಬಿಟ್ಟದ್ದು ಎಲ್ಲ ಚೆಲ್ಲುತ್ತಾರೆ. ಅದು ಗೊತ್ತಿತ್ತು. ಫ್ರಿಜ್ಜೂ ಮನೆಯೊಳಗೇ ಇದೆ ಅನ್ನುವುದು ಹೊಳೆದಿರಲಿಲ್ಲ. ಯಾರನ್ನು ಕೇಳಲಿ? ಗಂಡ ಹೋಗಿದ್ದಾನೆ, ಇವಳಿಗೆ ಉಪ್ಪಿನಕಾಯಿ ಚಿಂತೆ ಎಂದಾರು. ಅನ್ನಲಿ. ನನಗೆ ಅದೇ ಬೇಕು. ಅವರು ಮಾಡಿದ್ದು ಒಂದು ಹೋಳು, ಒಂದೇ ಒಂದು, ಬಾಯಿಗೆ ಹಾಕಿಕೊಳ್ಳಬೇಕು. ಫ್ರಿಜ್ಜಿನ ಬಾಗಿಲು ಹಿಡಿದುಕೊಂಡೇ ಅತ್ತುಬಿಟ್ಟೆ.

ಫೆಬ್ರವರಿ 22, ಶನಿವಾರ

ಸಿಕ್ಕಿತು!

ಪಕ್ಕದ ಮನೆ ಶಾರದವ್ವ ಬಂದರು, ಸೆರಗಿನಡಿ ಏನೋ ಹಿಡಿದುಕೊಂಡು. ಬಾಟಲಿ! ಮುಚ್ಚಳ ಹಾಕಿದ್ದು ಹಾಕಿದ ಹಾಗೇ ಇದೆ.

"ಅವತ್ತ ಎಲ್ಲಾರೂ ಫ್ರಿಜ್ ಖಾಲಿ ಮಾಡಾಕ ಹತ್ತಿದ್ರವ್ವ. ಹುಡುಗನ ಕೈಲೆ ಮಾಡಿದ್ದು, ಚೆಲ್ಲಾಕ ಮನಸ ಬರಲಿಲ್ಲ. ಸೂತಕದ ಮನ್ಯಾಗ ಉಪ್ಪಿನಕಾಯಿ ಇದ್ರ ಕೆಡತೈತಿ ಅಂತ ನಾನ ಒಯ್ದೆ. ನಮ್ಮ ಮಾವಿನಕಾಯಿ ಭರಣಿ ಜೋಡಿ ಅಟ್ಟದ ಮ್ಯಾಲ ಇಟ್ಟಿದ್ದೆ. ಯಾರಿಗೂ ಮುಟ್ಟಾಕ ಕೊಟ್ಟಿಲ್ಲ, ನೋಡು."

"ಅಟ್ಟದ ಮ್ಯಾಲ?"

"ಮತ್ತ? ಉಪ್ಪಿನಕಾಯಿನ್ನ ಫ್ರಿಜ್ಜಿನ್ಯಾಗ ಯಾರ ಇಡ್ತಾರವ್ವ?"

ಬೆಳಕಿಗೆ ಹಿಡಿದೆ. ನೀರು ಮಜ್ಜಿಗೆಯಂತೆ ಬೆಳ್ಳಗಾಗಿದೆ. ಗಜ್ಜರಿಯ ಬಣ್ಣ ಹೋಗಿದೆ. ಬುಡದಿಂದ ಗುಳ್ಳೆ ಏಳುತ್ತಿವೆ.

ಶಾರದವ್ವ ನನ್ನ ಮುಖವನ್ನೇ ನೋಡುತ್ತಿದ್ದರು. ಖುಷಿಪಡುತ್ತೇನೆಂದು. ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಕಾಲು ಹಿಡಿಯಬೇಕು ಅಂತಲೂ. ಇಡೀ ಓಣಿಯಲ್ಲಿ ಅದನ್ನು ಉಳಿಸಬೇಕು ಅನ್ನಿಸಿದ್ದು ಅವರೊಬ್ಬರಿಗೇ.

"ಭಾಳ ಛಲೋ ಆತ್ರಿ ಶಾರದವ್ವ" ಎಂದೆ. ತಲೆ ಸವರಿ ಹೋದರು.

ಮಾರ್ಚ್ 1, ಶನಿವಾರ

ಅದನ್ನು ಫ್ರಿಜ್ಜಿನಲ್ಲೇ ಇಟ್ಟುಕೊಂಡಿದ್ದೆ. ಕೆಟ್ಟಿದೆ, ಗೊತ್ತು. ತಿನ್ನುವುದಕ್ಕಲ್ಲ. ಆ ಮುಚ್ಚಳವನ್ನು ಬಿಗಿದದ್ದು ಅವರ ಕೈ. ಮನೆಯಲ್ಲಿ ಅವರು ಮುಟ್ಟಿ ಬಿಟ್ಟ ಹಾಗೇ ಉಳಿದಿದ್ದು ಅದೊಂದೇ. ಅಂಗಿ ಪ್ಯಾಂಟು ಎಲ್ಲ ಒಗೆದುಬಿಟ್ಟಿದ್ದಾರೆ.

ಇವತ್ತು ಶಾಲೆಯಲ್ಲಿ ಪಾಠ ಮುಗಿಸಿ ಬಂದು ನೋಡಿದರೆ ಮುಚ್ಚಳ ಉಬ್ಬಿದೆ. ಅಂಚಿನಿಂದ ಸೋರಿ ಕೆಳಗಿನ ಕೊತ್ತಂಬರಿಯೆಲ್ಲ ಒದ್ದೆ. ಮನೆ ತುಂಬ ವಾಸನೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

ಹಿತ್ತಲಿಗೆ ಒಯ್ದೆ. ಯಾವತ್ತೂ ಜಗ್ಗದ ಮುಚ್ಚಳ. ಇವತ್ತು ಹಿಡಿದ ಕೂಡಲೇ ಸುಮ್ಮನೆ ತಿರುಗಿತು. ಅವರ ಬಿಗಿಯೂ ಹೋಗಿಬಿಟ್ಟಿದೆ. ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಕರಿಬೇವಿನ ಬುಡದಲ್ಲಿ ತಗ್ಗು ತೋಡಿ ಸುರಿದೆ. ಬಾಟಲಿ ತೊಳೆದು ಬಿಸಿಲಿಗೆ ಇಟ್ಟೆ.

ಅವರು ಕೊನೆಗೆ ಮಾಡಿದ್ದರ ರುಚಿ ಇನ್ನು ಈ ಜನ್ಮಕ್ಕೆ ಗೊತ್ತಾಗುವುದಿಲ್ಲ.

ಮಾರ್ಚ್ 8, ಶನಿವಾರ

ಶಿರಹಟ್ಟಿಯಿಂದ ಯಂಕಪ್ಪ ಕಾಕಾ ಬಂದಿದ್ದರು, ನಿಂಬೆ ಉಪ್ಪಿನಕಾಯಿ ಭರಣಿ ಹೊತ್ತು. ವರ್ಷ ತುಂಬುವ ತನಕ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಹಾಕುವ ಹಾಗಿಲ್ಲ. ಹಪ್ಪಳ ಸಂಡಿಗೆಯೂ ಇಲ್ಲ. ನೆಂಟರು ಕೊಟ್ಟರೆ ಉಂಟು. ಹೋಗುವಾಗ ನನಗೇ ಕೇಳುವ ಹಾಗೆ ಅತ್ತೆಗೆ ಇನ್ನೊಮ್ಮೆ ಹೇಳಿದರು.

ನನ್ನ ಚೀಲದಲ್ಲಿ ಆಗಲೇ ಗಜ್ಜರಿ, ಮೂಲಂಗಿ ಇದ್ದವು. ಸಂತೆಯಲ್ಲಿ ಕೈ ತಾನಾಗಿಯೇ ಆರಿಸಿತ್ತು. ಕಾಕಾನನ್ನು ಕಳಿಸಿ ಬರುವಷ್ಟರಲ್ಲಿ ಅತ್ತೆ ಚೀಲ ಬಿಚ್ಚಿ ಕೂತಿದ್ದಾರೆ.

"ಪಲ್ಯಾಕ್ಕ ತಂದೇನ್ರಿ ಅತ್ತಿ."

"ಪಲ್ಯಾಕ್ಕ ಈ ಹುಳಿನೀರಿನ ಬಾಟ್ಲಿ ಯಾಕವಾ?"

ತಲೆ ತಗ್ಗಿಸಿ ನಿಂತೆ. ಬೈಯಲಿ, ಬೈಸಿಕೊಳ್ಳುತ್ತೇನೆ ಅಂದುಕೊಂಡೆ. ಅತ್ತೆ ಒಂದು ಗಜ್ಜರಿ ತೆಗೆದು ಸೆರಗಿನಿಂದ ಮಣ್ಣು ಒರೆಸಿದರು.

"ಮಾಡು. ಇದೇನು ಉಪ್ಪಿನಕಾಯಿ ಅಲ್ಲ. ಎಣ್ಣಿ ಇಲ್ಲ, ಖಾರ ಇಲ್ಲ. ನಾ ಮೊದಲಿಂದ ಹೇಳ್ಕೋತ ಬಂದೇನಿ, ನೀವಿಬ್ರೂ ಕೇಳಲಿಲ್ಲ."

ಮಾರ್ಚ್ 9, ಭಾನುವಾರ

ಮಾಡಿದೆ. ಅವರ ಹಾಗೆ ಕೊಯ್ಯಲು ಬರಲಿಲ್ಲ. ಒಂದು ಉದ್ದ, ಒಂದು ಗಿಡ್ಡ. ನೀರು ಕುದಿಯುವಾಗ ಏನು ಹಾಕುತ್ತಿದ್ದರೋ. ಫೋನು ನೋಡಿ ಸಕ್ಕರೆ ಹಾಕಿದೆ. ನಾಡಿದ್ದು ತೆಗೆಯಬೇಕು. ಅಲ್ಲಿಯವರೆಗೆ ಮುಟ್ಟುವುದಿಲ್ಲ.

ಮಾರ್ಚ್ 11, ಮಂಗಳವಾರ

ತೆಗೆದೆವು. ರೊಟ್ಟಿ ಜೊತೆ.

ಹುಳಿ, ಉಪ್ಪು ಎಲ್ಲ ಸರಿ. ಆದರೆ ಅದಲ್ಲ. ಅಲ್ಲವೇ ಅಲ್ಲ.

ಅತ್ತೆ ಒಂದು ಹೋಳು ಅಗಿದರು. "ಬೆಲ್ಲ ಹಾಕಿಲ್ಲ ನೀ."

"ಬೆಲ್ಲಾನ್ರಿ? ನಿಮಗ ಹೆಂಗ ಗೊತ್ತು?"

ಅತ್ತೆ ಎದ್ದು ಹೋಗಿ ತಮ್ಮ ಟ್ರಂಕಿನಿಂದ ಬೆಲ್ಲದ ಡಬ್ಬಿ ತಂದರು. ಚಹಾಕ್ಕೆಂದು ಬೇರೆ ಇಟ್ಟುಕೊಳ್ಳುವ ಡಬ್ಬಿ ಅದು, ನಾನು ಯಾವತ್ತೂ ಮುಟ್ಟಿದವಳಲ್ಲ.

"ನಿನ್ನ ಹೊರಗ ಕಳಿಸಿ ಇದ್ರಾಗಿಂದ ಒಂದ ಹೆಂಟಿ ಒಯ್ತಿದ್ದ, ಕಳ್ಳ ಸೂಳೆಮಗ. ಯವ್ವಾ, ಬೆಲ್ಲ ಕೊಟ್ರ ಮೊದಲನೇ ಹೋಳ ನಿನಗ ಅಂತಿದ್ದ. ನೀ ಶಾಲಿಗೆ ಹ್ವಾದಮ್ಯಾಲ ತಂದು ಬಾಯಾಗ ಇಡ್ತಿದ್ದ. ಭಾಳ ರುಚಿ ಇರ್ತಿತ್ತವಾ. ಒಂದ ದಿನಾನೂ ಛಲೋ ಐತಿ ಅನ್ನಲಿಲ್ಲ ನಾ ಅವಗ…"

ಇಷ್ಟು ದಿನ ಒಂದು ಹನಿ ಹಾಕದವರು ತಾಟಿನ ಮುಂದೆ ಕೂತು ಬಾಯಿ ತೆರೆದು ಅತ್ತರು. ನಾನೂ. ರೊಟ್ಟಿ ಆರಿ ಹೋಯಿತು.

ಸಂಜೆ ನೀರು ಬಸಿದು ಬೆಲ್ಲ ಹಾಕಿ ಮತ್ತೆ ಕುದಿಸಿದೆವು. ಅತ್ತೆಯೇ ಅಂದಾಜು ನೋಡಿ ಹಾಕಿದರು. ಆರಿದ ಮೇಲೆ ನಾನು ಮುಚ್ಚಳ ಹಾಕಿದೆ. ತಿರುಗಿಸಿದೆ. ಇನ್ನೂ ತಿರುಗಿಸಿದೆ. ಕೈ ನೋಯುವ ತನಕ.

ಅತ್ತೆ ನೋಡುತ್ತಿದ್ದರು. "ಸಾಕವಾ ಶೃತಿ. ಇಷ್ಟ ಬಿಗಿ ಹಾಕಿದ್ರ ತಗಿಯಾವ್ರು ಯಾರು?"

ಉತ್ತರ ನನ್ನ ಬಾಯಲ್ಲೇ ಇತ್ತು. ಅವರದೇ ಮಾತು. ಯಾಕ, ನಾ ಇಲ್ಲೇನು?