ಶುಕ್ರವಾರದ ತಂತಿ

ಶ್ರೀರಂಗಪಟ್ಟಣ
ಸೋಮವಾರ, 12-10-1970

ಮುದ್ದು ಸುಗುಣಾ,

ಅಜ್ಜಿ ಬಿದ್ದ ಸುದ್ದಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆಯೋಣವೆಂದು ಕೂತಿದ್ದೆ. ಒಂದು ಪುಟ ಹಾಗೆಯೇ ಬರೆದೂ ಬಿಟ್ಟೆ. ತಿರುಗಿ ಓದಿದಾಗ ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ, ಆದರೂ ಇಡೀ ಪುಟವೇ ಸುಳ್ಳೆನಿಸಿತು. ಒಲೆಗೆ ಹಾಕಿ ಮತ್ತೆ ಶುರುಮಾಡಿದ್ದೇನೆ. ಗಾಬರಿಯಾಗಬೇಡ, ಅಜ್ಜಿಯ ಜೀವಕ್ಕೆ ಭಯವಿಲ್ಲ. ಎಲ್ಲ ಹೇಳುತ್ತೇನೆ.

ಮೊದಲು ನೀನು ಹೇಗಿದ್ದೀಯ? ಅಂಗೈಯ ಬೊಬ್ಬೆ ಒಣಗಿತೇ? ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಕಾಲೇಜಿನ ಸೈಕಲ್ ಯಾತ್ರೆಯ ದಾರಿಯಲ್ಲಿ ಮರವಂತೆಯಿಂದ ನೀನು ಬರೆದ ಕಾಗದ ಮೂರು ದಿನ ತೆಗೆದುಕೊಂಡು ಇವತ್ತು ಬಂತು. ಮರಳಿನಲ್ಲಿ ಗೂಟ ನಿಲ್ಲದೆ ಡೇರೆ ಹಾರಿಹೋದದ್ದು, ಆಮೇಲೆ ನೀವೆಲ್ಲ ಅಕ್ಕಿಯ ಖಾಲಿ ಚೀಲಕ್ಕೆ ಮರಳು ತುಂಬಿ ಹಗ್ಗ ಕಟ್ಟಿ ಹೂತದ್ದು, ಹಿಂದೆ ಬರುವ ಲಾರಿಯ ಅಡುಗೆಯವರು ಸಾರಿಗೆ ಉಪ್ಪು ಮರೆತು, ಸಮುದ್ರದ ಪಕ್ಕದಲ್ಲೇ ಕೂತು ಸಪ್ಪೆ ಉಂಡದ್ದು, ಎಲ್ಲವನ್ನೂ ಅಜ್ಜಿಗೆ ಎರಡು ಸಲ ಓದಿದೆ. ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಹೊಳೆ, ನಡುವೆ ರಸ್ತೆ ಎಂದರೆ ಅವರು ನಂಬಲಿಲ್ಲ. ನಿಮ್ಮಪ್ಪ ಕೇಳಿಯೂ ಕೇಳದವರ ಹಾಗೆ ಇದ್ದರು. ಆಯುಧಪೂಜೆಯ ದಿನ ಬಾಬುರಾಯನಕೊಪ್ಪಲಿನ ತಮ್ಮ ಅಂಗಡಿಯಲ್ಲಿ ಬಾಡಿಗೆ ಸೈಕಲ್ಲುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದಾಗ ನಿನ್ನ ಸೈಕಲ್ಲಿನ ಜಾಗ ಖಾಲಿ ಬಿಟ್ಟು, ಆ ನೆಲಕ್ಕೇ ಕುಂಕುಮ ಇಟ್ಟರು. ಚಿನ್ನದ ಕಾಯಿದೆ ಬಂದು ಅಕ್ಕಸಾಲಿ ಕೆಲಸ ನಿಲ್ಲುವವರೆಗೆ ಮೂಗುಬೊಟ್ಟು ಮಾಡುತ್ತಿದ್ದ ಕೈ ಅದು. ನಿನ್ನ ಚಕ್ರದ ಕಡ್ಡಿಗಳನ್ನು ಎಷ್ಟು ಹೊತ್ತು ಕೂತು ಬಿಗಿ ಮಾಡಿದರೆಂದು ನೀನೇ ನೋಡಿದ್ದೀಯ.

ಇನ್ನು ಸುದ್ದಿ. ಬರುವ ಭಾನುವಾರ ಸಂತೆಬಾಚಹಳ್ಳಿಯಿಂದ ನಿನ್ನನ್ನು ನೋಡಲು ಬರುತ್ತಾರೆ. ನಮ್ಮವರೇ, ಹುಡುಗ ಸೊಸೈಟಿಯಲ್ಲಿ ಗುಮಾಸ್ತ. ಕೆಟ್ಟವನೆಂದು ಯಾರೂ ಹೇಳಿಲ್ಲ, ನನಗೆ ಅದೇ ಕಷ್ಟ. ಬೇಡವೆನ್ನಲು ನನ್ನ ಕೈಯಲ್ಲಿ ಏನೂ ಇಲ್ಲ. ಓದು ಇಷ್ಟಕ್ಕೆ ಸಾಕು ಎಂದು ಅವರು ಮೊದಲೇ ಹೇಳಿಕಳಿಸಿದ್ದಾರೆ. ಹುಡುಗಿ ಸೈಕಲ್ಲು ಹತ್ತಿ ಊರೂರು ತಿರುಗುವುದು ಅವರ ಕಿವಿಗೆ ಬೀಳುವ ಮೊದಲೇ ಮಾತು ಮುಗಿಯಲಿ ಎಂದು ನಿನ್ನ ದೊಡ್ಡಪ್ಪನ ಆತುರ. ಹೋದ ಗುರುವಾರ ಊಟಕ್ಕೆ ಕೂತಾಗ, ಎಂದಿನಂತೆ ನನ್ನ ಎದುರಿಗೇ ಆದರೆ ನನ್ನೊಡನೆ ಅಲ್ಲದೆ, ನಿಮ್ಮಪ್ಪನಿಗೆ ಹೇಳಿದರು: “ಅವ್ವಂಗೆ ಭಾರಿ ಆಗದೆ ಅಂತ ಒಂದು ತಂತಿ ಬುಡ್ಲಾ. ಹುಡುಗಿ ತಾನೇ ಓಡ್ಬತ್ತದೆ. ಇಂಗ್ಲೀಷು ಬರ್ಯಕ್ಕೆ ನಿನ್ನೆಂಡ್ತಿ ಇಲ್ವಾ?”

ಅಜ್ಜಿ ಅಲ್ಲೇ ಗೋಡೆಗೆ ಒರಗಿ ಕೂತಿದ್ದರು. “ನನ್ನ ಸಾಯ್ಸಕ್ಕೆ ನನ್ನೊಂದ್ ಮಾತ್ ಕೇಳ್ಬ್ಯಾಡ್ವೇನ್ಲಾ ಕಾಳಾ?” ಎಂದರು. ದೊಡ್ಡಪ್ಪನೂ ಸೇರಿ ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಆಗುವುದಿಲ್ಲ ಎನ್ನುವುದು ಹೇಗೆಂದು ತಿಳಿಯದೆ ಬರೆದುಕೊಟ್ಟೆ. ನೀವು ಕುಮಟೆಯಲ್ಲಿ ತಂಗುವ ದಿನ ನೋಡಿ ಕಳಿಸುವುದೆಂದು ಮಾತಾಯಿತು. ಕೋಲಾರದ ಗಣಿಯೂರಿನ ಮಿಷನ್ ಶಾಲೆಯಲ್ಲಿ ಕಲಿತ ಇಂಗ್ಲೀಷು ಈ ಮನೆಯಲ್ಲಿ ಇಷ್ಟು ವರ್ಷ ಬಳಕೆಯಾದದ್ದು ಸಾವಿನ ತಂತಿ ಓದಲು ಮಾತ್ರ. ಬರೆದದ್ದು ಇದೇ ಮೊದಲು. ಒಂದು ತಪ್ಪೂ ಇಲ್ಲದೆ ಬರೆದಿದ್ದೇನೆ.

ಎರಡು ದಿನ ಕಳೆದು, ಶನಿವಾರ, ಅಜ್ಜಿ ಬಚ್ಚಲಿನಲ್ಲಿ ನಿಜವಾಗಿಯೇ ಜಾರಿ ಬಿದ್ದರು. ಕಾಲಿನ ಮೂಳೆ ಬಿರುಕು ಬಿಟ್ಟಿದೆ. ಪಟ್ಟಿ ಕಟ್ಟಿದ್ದಾರೆ, ಕೂಡಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. “ನಿಮ್ಮಪ್ಪನ್ಗೇಳು, ಒಂದ್ ಕಡ್ಡಿ ಬಿಗಿ ಮಾಡ್ಬುಟ್ರೆ ಉಲ್ಡ್ಕಂಡ್ ಓಯ್ತೀನಿ,” ಎಂದು ನಿನಗೆ ಬರೆಯಲು ಹೇಳಿದರು. ದೊಡ್ಡಪ್ಪ ಮಾತ್ರ, ಈಗ ತಂತಿ ಸುಳ್ಳೂ ಅಲ್ಲವಲ್ಲ ಎಂದು ನಿರಾಳವಾಗಿದ್ದಾರೆ. ನಿನ್ನನ್ನು ಕರೆಸಲೇ ಎಂದು ನಾನು ಅಜ್ಜಿಯನ್ನು ಮೆಲ್ಲಗೆ ಕೇಳಿದೆ. “ಬ್ಯಾಡ ಕಣವ್ವಾ. ಬಂದ್ರೆ ಇಡ್ಕಂಬುಡ್ತಾರೆ,” ಎಂದರು. ಆದರೆ ನಿನ್ನ ಕಾಗದವನ್ನು ನನಗೆ ವಾಪಸು ಕೊಡಲಿಲ್ಲ, ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ.

ಇದನ್ನೆಲ್ಲ ಮುಚ್ಚಿಟ್ಟರೆ ನೀನು ನೆಮ್ಮದಿಯಿಂದ ಕಾರವಾರ ಸೇರುತ್ತೀಯ ಅಂದುಕೊಂಡಿದ್ದೆ. ಆಮೇಲೆ ಯೋಚಿಸಿದೆ: ನಿನಗೆ ತಿಳಿಯದ ಹಾಗೆ ದೊಡ್ಡಪ್ಪ ನಿನ್ನನ್ನು ಈ ಕಡೆಗೆ ಎಳೆಯುತ್ತಾರೆ, ನಾನು ಆ ಕಡೆಗೆ ತಳ್ಳುತ್ತೇನೆ. ನಡುವೆ ನಿನ್ನನ್ನು ಕೇಳಿದವರು ಯಾರು? ನನ್ನನ್ನು ಯಾರೂ ತಂತಿ ಕೊಟ್ಟು ಕರೆಸಲಿಲ್ಲ ಮಗಳೇ. ಕರೆಸಬೇಕಾದಷ್ಟು ದೂರ ನಾನು ಯಾವತ್ತೂ ಹೋಗಿರಲಿಲ್ಲ. ಈಗಲೂ ಬೀದಿ ತುದಿಯ ಅಂಚೆ ಡಬ್ಬಿಗೆ ಹೋಗಲು ನನಗೊಂದು ನೆವ ಬೇಕು. ದೊಡ್ಡಪ್ಪ ಕೆಲಸವಿಲ್ಲದೆ ದಿನವಿಡೀ ಜಗಲಿಯ ಮೇಲೆ ಇರುತ್ತಾರೆ, ಎಲ್ಲಿಗೆ ಎಂದು ಕೇಳುವುದಿಲ್ಲ, ಕತ್ತೆತ್ತಿ ನೋಡುತ್ತಾರೆ ಅಷ್ಟೆ. ನಾನಾಗಿಯೇ ಉತ್ತರ ಹೇಳಿಬಿಡುತ್ತೇನೆ.

ನಿನ್ನ ಜೊತೆಯ ಹುಡುಗಿಯರಿಗೆಲ್ಲ ನನ್ನ ನೆನಪು ಹೇಳು. ಅಲೆ ಇರುವ ಕಡೆ ಸೊಂಟದ ಮೇಲಕ್ಕೆ ನೀರಿಗಿಳಿಯಬೇಡ. ಹೋಗುವ ದಾರಿಯೂ ಬರುವ ದಾರಿಯೂ ನಿನಗೆ ಹಸನಾಗಿರಲಿ.

ನಿನ್ನ
ಅಮ್ಮ

ವಿ. ಸೂ. ಮಡಿಸುವಷ್ಟರಲ್ಲಿ ನಿಮ್ಮಪ್ಪ ನೀರು ಕುಡಿಯಲು ಅಡುಗೆಮನೆಗೆ ಬಂದರು. ನಾನು ಕಾಗದ ಮುಚ್ಚಲಿಲ್ಲ. ನಿಂತೇ ಪೂರ್ತಿ ಓದಿದರು. ತಂತಿಯ ಚೀಟಿ ಅವರ ಅಂಗಿ ಜೇಬಿನಲ್ಲೇ ಇದೆ. “ಸುಕ್ರವಾರ ಇದ ಕೊಡ್ದೆ ಇದ್ರೆ ಅಣ್ಣ ಬುಡಕ್ಕಿಲ್ಲ, ರಸೀತಿ ಕೇಳ್ತಾನೆ,” ಎಂದರು. ನೀರು ಕುಡಿದು ಲೋಟ ಬೋರಲು ಹಾಕಿ, “ಉಪ್ಪುಗಾಳಿಗೆ ಚೈನು ತುಕ್ಕಿಡಿತದೆ. ದಿನಾ ಒರ್ಸಿ ಎಣ್ಣೆ ಬುಡು ಅಂತ ಬರಿ. ಕುಮಟೆಯಿಂದ ಕಾರವಾರ ಇನ್ನೂ ದೂರ ಅದೆ,” ಎಂದು ಹೊರಟುಹೋದರು. ಆದ್ದರಿಂದ ನೀನು ಕುಮಟೆ ಸೇರುವ ಶುಕ್ರವಾರ ತಂತಿ ಬಂದೇ ಬರುತ್ತದೆ. ಅಜ್ಜಿ ಉಳಿಯುವುದಿಲ್ಲ ಎಂದು ಅದರಲ್ಲಿರುತ್ತದೆ. ಬರೆದವಳು ನಾನೇ, ನಂಬಬೇಡ. ಬರುವುದೋ ಮುಂದೆ ಹೋಗುವುದೋ, ನೀನು ತಿಳಿದು ಮಾಡು. ಈ ಕಾಗದ ತಂತಿಗಿಂತ ಮೊದಲು ನಿನ್ನ ಕೈ ಸೇರಬೇಕು. ರಾಗಿ ಬೀಸಿಸುವ ನೆವದಲ್ಲಿ ನಾಳೆ ಬೆಳಿಗ್ಗೆಯೇ ಹೊರಟು ಅಂಚೆಗೆ ಹಾಕುತ್ತೇನೆ, ಮಂಗಳವಾರ, 13-10-1970.